"ಇವಳಿನ್ನೂ ಚಿಕ್ಕವಳು, ಆಮೇಲೆ ನೋಡೋಣ" ಅನ್ನುವ ಮೊದಲು

ಸಂಪಾದಕರೇ, ನಮಸ್ಕಾರ.

ನಾನು 27 ವರ್ಷದಿಂದ ಸ್ಟಾಫ್ ನರ್ಸ್. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಉದ್ದ ಆಯ್ತು ಅನ್ನಿಸಿದರೆ ಕತ್ತರಿಸಿಕೊಳ್ಳಿ, ಆದರೆ ದಯವಿಟ್ಟು ನಡುವಿನದ್ದನ್ನು ತೆಗೆಯಬೇಡಿ, ವಿಷಯ ಇರುವುದೇ ಅಲ್ಲಿ.

ಹೋದ ತಿಂಗಳು ನಮ್ಮ ಲಸಿಕೆ ಕೋಣೆಗೆ ಒಬ್ಬ ತಾಯಿ ಬಂದಿದ್ದರು, ಕೈಗೂಸಿಗೆ ಚುಚ್ಚುಮದ್ದು ಹಾಕಿಸೋಕೆ. ಜೊತೆಗೆ ದೊಡ್ಡ ಮಗಳೂ ಇದ್ದಳು, 11 ವರ್ಷದವಳು. ಎಲ್ಲ ಮುಗಿದು ಹೊರಡುವಾಗ ಆಕೆ ಬಾಗಿಲ ಹತ್ತಿರ ನಿಂತು, ಸ್ವಲ್ಪ ದನಿ ತಗ್ಗಿಸಿ, "ಸಿಸ್ಟರ್, ಗರ್ಭಕೋಶದ ಬಾಯಿ ಕ್ಯಾನ್ಸರ್‌ಗೆ ಏನೋ ಲಸಿಕೆ ಇದೆಯಂತಲ್ಲ, ಇವಳಿಗೆ ಹಾಕಿಸಬಹುದಾ?" ಅಂತ ಕೇಳಿದರು. ನನ್ನ ಪಕ್ಕದಲ್ಲಿದ್ದ ಸಿಸ್ಟರ್ ಕಾರ್ಡ್ ಬರೆಯುತ್ತಿದ್ದರು. ತಲೆ ಎತ್ತದೆಯೇ, "ಅಯ್ಯೋ, ಇವಳಿನ್ನೂ ಚಿಕ್ಕವಳು, ಮದುವೆ ಹೊತ್ತಿಗೆ ನೋಡಿದರಾಯ್ತು ಬಿಡಿ" ಅಂದುಬಿಟ್ಟರು. ಆ ತಾಯಿ ತಲೆಯಾಡಿಸಿ ಹೊರಟೇಹೋದರು. ನಾನು ಸಿರಿಂಜಿಗೆ ಮದ್ದು ಎಳೆಯುತ್ತಿದ್ದೆ. ಅದನ್ನು ಕೆಳಗಿಟ್ಟು ಬಾಗಿಲಿಗೆ ಬರುವಷ್ಟರಲ್ಲಿ ಅವರು ಕಾಣಲಿಲ್ಲ.

ಆ ಉತ್ತರ ಪೂರ್ತಿ ತಲೆಕೆಳಗು. ಈ ಲಸಿಕೆಗೆ ಸರಿಯಾದ ವಯಸ್ಸೇ 9ರಿಂದ 14. ಈ ಕ್ಯಾನ್ಸರ್ ತರುವುದು ಎಚ್‌ಪಿವಿ ಅನ್ನುವ ವೈರಸ್. ಅದು ಮೈಗೆ ಬರುವ ಮೊದಲು ಹಾಕಿದರೆ ಲಸಿಕೆ ತಡೆಯುತ್ತದೆ. ಬಂದು ಕೂತ ಮೇಲೆ ಹಾಕಿದರೆ ಇರುವ ವೈರಸ್ಸನ್ನು ಓಡಿಸುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಹುಡುಗಿ ಸರಿಯಾದ ವಯಸ್ಸಿಗೇ ಬಂದಿದ್ದಳು, ನಾವೇ ವಾಪಸ್ ಕಳಿಸಿದೆವು.

ನನ್ನ ಸಹೋದ್ಯೋಗಿಯನ್ನು ದೂರೋಕೆ ಇದನ್ನು ಬರೆಯುತ್ತಿಲ್ಲ. ಆಕೆ ಒಳ್ಳೆಯ ನರ್ಸ್. ಯಾರ ಕೈಯಲ್ಲೂ ನರ ಸಿಗದ ಮಗುವಿಗೆ ಆಕೆ ಒಂದೇ ಸಲಕ್ಕೆ ಸೂಜಿ ಹಾಕುತ್ತಾರೆ. ಆಮೇಲೆ ಊಟದ ಹೊತ್ತಲ್ಲಿ ಕೇಳಿದೆ, ಯಾಕೆ ಹಾಗಂದ್ರಿ ಅಂತ. "ಅದು ಹೆಂಗಸರ ಡಾಕ್ಟರು ನೋಡೋ ವಿಷಯ ಅಲ್ವಾ? ನಮಗ್ಯಾರೂ ಹೇಳಿಲ್ಲ" ಅಂದರು. ನಿಜ, ಯಾರೂ ಹೇಳಿಲ್ಲ. ಆದರೆ ಜನ ಕೇಳುವುದು ನಮ್ಮನ್ನೇ. ಡಾಕ್ಟರ ಮುಂದೆ ಕೂತಾಗ ಎರಡು ನಿಮಿಷ ಸಿಗುತ್ತದೆ, ಅಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಹೊರಗೆ ಬಂದ ಮೇಲೆ ಸಿಸ್ಟರನ್ನು ಕೇಳುತ್ತಾರೆ, ಔಷಧಿ ಕೊಡುವವರನ್ನು ಕೇಳುತ್ತಾರೆ, ಲ್ಯಾಬಿನವರನ್ನು, ವಾರ್ಡಿನ ಆಯಾಗಳನ್ನು, ಮನೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯನ್ನು ಕೇಳುತ್ತಾರೆ. ಅಲ್ಲಿ ಸಿಗುವ ಅರ್ಧ ಮಾತೇ ಅವರಿಗೆ ಪೂರ್ತಿ ಮಾತು.

ಇನ್ನು ನನ್ನ ಕಥೆ. ಹೇಳೋಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎಷ್ಟೋ ವರ್ಷ ನಾನು ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೋಶದ ಬಾಯಿಯಿಂದ ಪರೀಕ್ಷೆಗೆ ಸ್ಯಾಂಪಲ್, ತೆಗೆಯುವಾಗ ಟ್ರೇ ಹಿಡಿದು ನಿಂತವಳು. ಗಾಜಿನ ಪಟ್ಟಿಯ ಮೇಲೆ ಹೆಸರು ಬರೆದವಳು. ಭಯಪಟ್ಟವರ ಕೈ ಹಿಡಿದು "ಸಡಿಲ ಬಿಡಮ್ಮಾ, ಏನಾಗಲ್ಲ" ಅಂದವಳು. ಆ ಟೇಬಲ್ ಮೇಲೆ ನಾನು ಮಲಗಿದ್ದು 48ನೇ ವಯಸ್ಸಿನಲ್ಲಿ, ಅದೂ ಗೆಳತಿಯೊಬ್ಬಳು ಬೈದು ಕರೆದುಕೊಂಡು ಹೋದ ಮೇಲೆ. ಅಲ್ಲಿವರೆಗೆ ಯಾಕೆ ಮಾಡಿಸಿಕೊಳ್ಳಲಿಲ್ಲ ಅಂದರೆ ದಿನಕ್ಕೊಂದು ಕಾರಣ ಇತ್ತು. ಡ್ಯೂಟಿ ಇತ್ತು, ರಜೆ ಇರಲಿಲ್ಲ, ಮುಟ್ಟಾಗಿತ್ತು, ಮನೇಲಿ ನೆಂಟರಿದ್ದರು. ನಿಜವಾದ ಕಾರಣ ಬೇರೆ. ನಮ್ಮದೇ ಆಸ್ಪತ್ರೆಯಲ್ಲಿ, ದಿನಾ ಜೊತೆಗೆ ಟೀ ಕುಡಿಯುವವರ ಮುಂದೆ ಹಾಗೆ ಮಲಗೋಕೆ ಮನಸ್ಸಾಗಲಿಲ್ಲ. ರಿಪೋರ್ಟ್ ಯಾರ್ಯಾರ ಕೈ ದಾಟಿ ಬರುತ್ತದೋ ಅನ್ನುವ ಅಳುಕು ಬೇರೆ. ಅದರ ಜೊತೆಗೆ, ನನಗೇನೂ ತೊಂದರೆ ಇಲ್ಲವಲ್ಲ, ಬಿಳಿ ಸೆರಗು ಇಲ್ಲ, ನೋವಿಲ್ಲ ಅನ್ನುವ ಧೈರ್ಯ.

ಎಚ್‌ಪಿವಿ ಪಾಸಿಟಿವ್ ಬಂತು. ಕಾಲ್ಪೋಸ್ಕೋಪಿ ಮಾಡಿದರು, ಅಂದರೆ ಆ ಜಾಗವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಿದರು, ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್ ಆಗಿರಲಿಲ್ಲ, ಆದರೆ ಆ ದಾರಿಯಲ್ಲಿತ್ತು. ಆ ಭಾಗವನ್ನು ಲೂಪ್ ತಂತಿಯಿಂದ ತೆಗೆದರು, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು. ಅದೇ ದಿನ ಮನೆಗೆ ಬಂದೆ. ವರ್ಷ ಬಿಟ್ಟು ಮತ್ತೆ ಟೆಸ್ಟ್ ಮಾಡಿದಾಗ ನೆಗೆಟಿವ್. ಇನ್ನೂ ನಾಲ್ಕೈದು ವರ್ಷ "ನನಗೇನೂ ತೊಂದರೆ ಇಲ್ಲ" ಅಂತ ಓಡಾಡಿಕೊಂಡಿದ್ದರೆ ಏನಾಗುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ತಡವಾಗಿ ಬಂದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ತೊಂದರೆ ಇದ್ದರೆ ಬರುತ್ತೇವೆ ಅನ್ನುವುದು ರೋಗಿಗಳ ಮಾತು ಅಂದುಕೊಂಡಿದ್ದೆ. ಅದು ನಮ್ಮ ಮಾತೂ ಹೌದು. ನಾವೇ ಅವರಿಗೆ ಹೇಳಿಕೊಟ್ಟಿರುವುದು, "ಬಿಳಿ ಸೆರಗು ಜಾಸ್ತಿ ಆದರೆ, ಮಧ್ಯೆ ಮಧ್ಯೆ ರಕ್ತ ಕಂಡರೆ ಬನ್ನಿ" ಅಂತ. ರಕ್ತ ಕಂಡರೆ ಬರಲೇಬೇಕು, ಅದರಲ್ಲೂ ಮುಟ್ಟು ನಿಂತ ಮೇಲೆ ಕಂಡರೆ ಅಥವಾ ಗಂಡನ ಜೊತೆ ಸೇರಿದ ಮೇಲೆ ಕಂಡರೆ ಒಂದು ದಿನವೂ ಕಾಯಬಾರದು. ಆದರೆ ಸ್ಕ್ರೀನಿಂಗ್, ಅಂದರೆ ಮುಂಚೆಯೇ ಮಾಡುವ ತಪಾಸಣೆ, ಇರುವುದು ಏನೂ ತೊಂದರೆ ಇಲ್ಲದವರಿಗೆ. ಕ್ಯಾನ್ಸರ್ ಆಗುವುದಕ್ಕೆ ಮುಂಚಿನ ಹಂತದಲ್ಲಿ ನೋವಿಲ್ಲ, ವಾಸನೆ ಇಲ್ಲ, ರಕ್ತ ಇಲ್ಲ. ಈ ವೈರಸ್ ಬಂದವರಲ್ಲಿ ಹೆಚ್ಚಿನವರ ಮೈ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಳ್ಳುತ್ತದೆ, ಆಮೇಲೆ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ 5ರಿಂದ 10 ವರ್ಷವೇ ಸಾಕು. ಯೋಚಿಸಿ, ಯಾವ ಕ್ಯಾನ್ಸರ್ ಇಷ್ಟು ವರ್ಷ ನಮಗಾಗಿ ಕಾಯುತ್ತದೆ? ಆದರೂ 2022ರಲ್ಲಿ ಜಗತ್ತಿನಲ್ಲಿ ಸುಮಾರು 6 ಲಕ್ಷ 60 ಸಾವಿರ ಹೆಂಗಸರಿಗೆ ಇದು ಬಂತು, ಸುಮಾರು 3 ಲಕ್ಷ 50 ಸಾವಿರ ಜನ ಸತ್ತರು. ಸತ್ತವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶದವರು.

ನಮಗೆ ಯಾಕೆ ಗೊತ್ತಿಲ್ಲ ಅನ್ನುವುದಕ್ಕೂ ಒಂದು ಹಿನ್ನೆಲೆ ಇದೆ. ನಾನು ನರ್ಸಿಂಗ್ ಓದುವಾಗ ಈ ಕ್ಯಾನ್ಸರ್‌ಗೆ ಕಾರಣ ಅಂತ ಬಾಯಿಪಾಠ ಮಾಡಿದ್ದು ಇಷ್ಟು: ಚಿಕ್ಕ ವಯಸ್ಸಿನ ಮದುವೆ, ಜಾಸ್ತಿ ಹೆರಿಗೆ, ಶುಚಿತ್ವ ಇಲ್ಲದಿರುವುದು. ವೈರಸ್ ಅಂತ ಒಂದು ಸಾಲು ಇತ್ತೋ ಇಲ್ಲವೋ, ನನಗಂತೂ ನೆನಪಿಲ್ಲ. ಅಷ್ಟು ಹೊತ್ತಿಗೆ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರು ವೈರಸ್ಸನ್ನು ಹಿಡಿದಾಗಿತ್ತು. 1983ರಲ್ಲಿ ಎಚ್‌ಪಿವಿ 16 ಅನ್ನುವ ಬಗೆ, ಮರುವರ್ಷ 18 ಅನ್ನುವ ಬಗೆ. ಬೇರೆಯವರೆಲ್ಲ ಇದಕ್ಕೆ ಹರ್ಪಿಸ್ ವೈರಸ್ ಕಾರಣ ಅಂದುಕೊಂಡಿದ್ದಾಗ ಇವರು ತಮ್ಮ ಪಾಡಿಗೆ ಪ್ಯಾಪಿಲೋಮಾ ವೈರಸ್, ಅಂದರೆ ಈ ಎಚ್‌ಪಿವಿ, ಹಿಂದೆ ಬಿದ್ದಿದ್ದರು. 2008ರಲ್ಲಿ ನೊಬೆಲ್ ಬಂತು. ಗರ್ಭಕೋಶದ ಬಾಯಿ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 70 ಈ ಎರಡೇ ಬಗೆಯಿಂದ ಆಗುತ್ತವೆ. ಅಂದರೆ ಶುಚಿತ್ವದ ಪಾಠ ಹೇಳಿ ಹೇಳಿ ನಾವು ಎಷ್ಟು ಹೆಂಗಸರಿಗೆ "ನೀನು ಸರಿಯಾಗಿ ತೊಳೆದುಕೊಳ್ಳಲಿಲ್ಲ, ಅದಕ್ಕೇ ಬಂತು" ಅನ್ನಿಸಿದ್ದೇವೋ! ಬೀಡಿ ಸಿಗರೇಟು, ಜಾಸ್ತಿ ಹೆರಿಗೆ, ಎಚ್‌ಐವಿ ಇವೆಲ್ಲ ಅಪಾಯ ಹೆಚ್ಚಿಸುತ್ತವೆ, ಸರಿ. ಆದರೆ ಮೂಲ ವೈರಸ್ಸೇ.

ಆ ವೈರಸ್ಸಿನ ವಿಷಯದಲ್ಲೇ ನಮ್ಮವರು ಮಾಡುವ ಇನ್ನೊಂದು ತಪ್ಪಿದೆ, ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಅದಕ್ಕೆ. ಎಚ್‌ಪಿವಿ ಪಾಸಿಟಿವ್ ಅಂದ ಕೂಡಲೇ ಹುಬ್ಬು ಏರುತ್ತದೆ. ಬಾಯಲ್ಲಿ ಏನೂ ಅನ್ನುವುದಿಲ್ಲ, ಹುಬ್ಬು ಅನ್ನುತ್ತದೆ. ನನ್ನ ರಿಪೋರ್ಟ್ ನೋಡಿಯೂ ಏರಿತ್ತು, ನಮ್ಮ ಲ್ಯಾಬಿನ ಕಿಟಕಿಯಲ್ಲೇ. ನಾನು ಅವರಿಗೆ ಹಿರಿಯ ಸಿಸ್ಟರ್, ಆದರೂ ತಪ್ಪಲಿಲ್ಲ. ಇದು ಎಷ್ಟು ಸಾಮಾನ್ಯ ವೈರಸ್ ಅಂದರೆ ದೈಹಿಕ ಸಂಬಂಧ ಇರುವ ಗಂಡಸು ಹೆಂಗಸು ಬಹುತೇಕ ಎಲ್ಲರಿಗೂ ಜೀವನದಲ್ಲಿ ಒಂದಲ್ಲ ಒಂದು ಸಲ ಬಂದು ಹೋಗುತ್ತದೆ. ಒಬ್ಬರೇ ಸಂಗಾತಿ ಇದ್ದವರಿಗೂ ಬರುತ್ತದೆ. ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ, ಹಾಗಾಗಿ ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ. ಇಷ್ಟು ವಿಷಯ ಗೊತ್ತಿದ್ದು ಮುಖ ಸರಿಯಾಗಿ ಇಟ್ಟುಕೊಳ್ಳುವ ಒಬ್ಬ ಸಿಸ್ಟರ್ ಇದ್ದರೆ ಆ ಹೆಂಗಸು ಮುಂದಿನ ಪರೀಕ್ಷೆಗೆ ಬರುತ್ತಾಳೆ. ಇಲ್ಲದಿದ್ದರೆ ರಿಪೋರ್ಟನ್ನು ಬೀರುವಿನ ಬಟ್ಟೆ ಕೆಳಗೆ ಇಟ್ಟು ಸುಮ್ಮನಾಗುತ್ತಾಳೆ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ, ಇನ್ನೊಂದು ಸಲ ಸರಿಯಾಗಿ ನೋಡಬೇಕು ಅಂತ ಅರ್ಥ. ಈ ಒಂದು ವಾಕ್ಯ ಹೇಳೋಕೆ ಎಷ್ಟು ಹೊತ್ತು ಬೇಕು?

ಲಸಿಕೆ ಬಗ್ಗೆ ಸ್ಟಾಫ್ ರೂಮಿನಲ್ಲಿ ನಾನೇ ಕೇಳಿಸಿಕೊಂಡ ಮಾತುಗಳಿವೆ. ಇದನ್ನು ಹಾಕಿಸಿದರೆ ಮುಂದೆ ಮಕ್ಕಳಾಗಲ್ಲವಂತೆ. ವೈರಸ್ಸನ್ನೇ ಚುಚ್ಚುತ್ತಾರಂತೆ. ಅದರಲ್ಲಿ ವೈರಸ್ಸೇ ಇಲ್ಲ. ವೈರಸ್ಸಿನ ಹೊರಗಿನ ಚಿಪ್ಪಿನ ಪ್ರೋಟೀನ್ ಇದೆಯಲ್ಲ, ಅದೊಂದನ್ನೇ ಮಾಡಿ ಹಾಕಿರುತ್ತಾರೆ, ಒಳಗೆ ಖಾಲಿ. ಖಾಲಿ ಚಿಪ್ಪು ಯಾರಿಗೂ ರೋಗ ತರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಅವರು 1991ರ ಹೊತ್ತಿಗೆ ಈ ಚಿಪ್ಪು ಕಟ್ಟುವ ದಾರಿ ಕಂಡುಕೊಂಡರು. ಲಸಿಕೆ ಮಾರುಕಟ್ಟೆಗೆ ಬಂದಿದ್ದು 2006ರಲ್ಲಿ, ಅದನ್ನು ನೋಡೋಕೆ ಝೌ ಬದುಕಿರಲಿಲ್ಲ. ಇನ್ನು ಮಕ್ಕಳಾಗಲ್ಲ ಅನ್ನುವ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಸುರಕ್ಷತಾ ಸಮಿತಿ 2017ರಲ್ಲಿ, ಅಷ್ಟೊತ್ತಿಗೆ 27 ಕೋಟಿಗೂ ಜಾಸ್ತಿ ಡೋಸ್ ಹಂಚಿ ಆಗಿತ್ತು, ಇದನ್ನೆಲ್ಲ ನೋಡಿ ಬಂಜೆತನಕ್ಕೂ ಲಸಿಕೆಗೂ ಸಂಬಂಧ ಇದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಹೇಳಿತು. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಎರಡಕ್ಕಿಂತ ಕಡಿಮೆ. ಹುಡುಗಿಯರಿಗೆ ತಲೆ ಸುತ್ತಿ ಬೀಳುವುದು ಮಾತ್ರ ಆಗಾಗ ಆಗುತ್ತದೆ, ಅದು ಸೂಜಿಯ ಭಯಕ್ಕೆ. ಚುಚ್ಚಿದ ಮೇಲೆ 15 ನಿಮಿಷ ಕೂರಿಸಿಕೊಂಡರೆ ಸಾಕು. ಈ ಕೂರಿಸುವುದನ್ನು ನಾವು ಮರೆತರೆ, ಒಬ್ಬಳು ಬಿದ್ದರೆ, ಉಳಿದ ಹುಡುಗಿಯರೆಲ್ಲ ಅಳೋಕೆ ಶುರು ಮಾಡುತ್ತಾರೆ, ಸಂಜೆಗೆ ವಾಟ್ಸಾಪಿನಲ್ಲಿ ಅದು ಬೇರೆಯೇ ಸುದ್ದಿ ಆಗಿರುತ್ತದೆ.

ಡೋಸ್ ಎಷ್ಟು ಅನ್ನುವುದರಲ್ಲೂ ಗೊಂದಲ. ಮೊದಲು ಮೂರು ಅಂದರು, ಆಮೇಲೆ ಎರಡು ಅಂದರು. 2022ರ ಕೊನೆಯಿಂದ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರೆಗೆ ಒಂದು ಅಥವಾ ಎರಡು ಡೋಸ್ ಸಾಕು ಅನ್ನುತ್ತದೆ, 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು, ಎಚ್‌ಐವಿ ಮೊದಲಾದ ಕಾರಣದಿಂದ ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಬಸುರಿಯರಿಗೆ ಹಾಕುವುದಿಲ್ಲ. ಗೊತ್ತಿಲ್ಲದೆ ಹಾಕಿಬಿಟ್ಟರೆ ಗಾಬರಿ ಬೇಡ, ಗರ್ಭ ತೆಗೆಸುವ ಮಾತೇ ಬೇಡ, ಉಳಿದ ಡೋಸ್ ಹೆರಿಗೆ ಆದ ಮೇಲೆ. ಲಸಿಕೆ ಹಾಕಿಸಿಕೊಂಡ ಹುಡುಗಿಗೂ ಮುಂದೆ ಸ್ಕ್ರೀನಿಂಗ್ ಬೇಕು, ಯಾಕಂದರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. ಇಷ್ಟು ಒಂದು ಹಾಳೆಯಲ್ಲಿ ಬರೆದು ಲಸಿಕೆ ಕೋಣೆಯ ಗೋಡೆಗೆ ಅಂಟಿಸಬಹುದು. ನಮ್ಮ ಗೋಡೆಯ ಮೇಲೆ ಕೈ ತೊಳೆಯುವ ಚಿತ್ರ ನಾಲ್ಕಿದೆ.

"ನಾವೊಂದು ಮಾತು ಹೇಳದಿದ್ದರೆ ಏನಾಗುತ್ತೆ" ಅನ್ನುವವರಿಗೆ ಜಪಾನಿನ ಕಥೆ ಹೇಳಬೇಕು. ಅಲ್ಲಿ 2013ರ ಏಪ್ರಿಲಿನಲ್ಲಿ ಈ ಲಸಿಕೆಯನ್ನು ಎಲ್ಲ ಹುಡುಗಿಯರಿಗೂ ಕೊಡುವ ಪಟ್ಟಿಗೆ ಸೇರಿಸಿದರು. ಕೆಲವು ಹುಡುಗಿಯರಿಗೆ ಮೈಕೈ ನೋವು, ನಡುಕ ಅಂತ ಟಿವಿಯಲ್ಲಿ ಬಂತು. ಜೂನಿನಲ್ಲಿ ಸರ್ಕಾರ ಶಿಫಾರಸು ಮಾಡುವುದನ್ನು ನಿಲ್ಲಿಸಿತು. ಗಮನಿಸಿ, ಲಸಿಕೆಯನ್ನು ನಿಲ್ಲಿಸಲಿಲ್ಲ. ಪುಕ್ಕಟೆಯಾಗಿ ಸಿಗುತ್ತಲೇ ಇತ್ತು, ಬೇಕಾದವರು ಹೋಗಿ ಹಾಕಿಸಿಕೊಳ್ಳಬಹುದಿತ್ತು. ಮನೆಗೆ ಬರುತ್ತಿದ್ದ ಪತ್ರ ನಿಂತಿತು, ಹಾಕಿಸಿ ಅನ್ನುವ ಮಾತು ನಿಂತಿತು, ಅಷ್ಟೇ. ನೂರಕ್ಕೆ ಸುಮಾರು 70 ಹುಡುಗಿಯರು ಹಾಕಿಸಿಕೊಳ್ಳುತ್ತಿದ್ದ ಕಡೆ ಒಬ್ಬಳೂ ಪೂರ್ತಿ ಇಲ್ಲ ಅನ್ನುವ ಹಾಗಾಯಿತು. ಮತ್ತೆ ಶಿಫಾರಸು ಶುರುವಾಗಿದ್ದು 2022ರಲ್ಲಿ. ಆ ಒಂಬತ್ತು ವರ್ಷಗಳಲ್ಲಿ ಲಸಿಕೆ ತಪ್ಪಿಹೋದ ಹುಡುಗಿಯರಿಗೆ ಆಮೇಲೆ ಹುಡುಕಿ ಹುಡುಕಿ ಹಾಕಬೇಕಾಯಿತು. ಇದಕ್ಕೆ ಎದುರಾಗಿ ರುವಾಂಡ. 2011ರಲ್ಲಿ ಶುರು ಮಾಡಿದ ಬಡ ದೇಶ. ಶಾಲೆಯಲ್ಲೇ ಲಸಿಕೆ, ಅವತ್ತು ಶಾಲೆಗೆ ಬಾರದ ಹುಡುಗಿಯರನ್ನು ಊರಿನ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಹುಡುಕಿದರು. ಮೊದಲ ವರ್ಷವೇ ನೂರಕ್ಕೆ 90 ದಾಟಿತು. ಅಲ್ಲಿನ ಕಾರ್ಯಕರ್ತರು ನಮಗಿಂತ ಜಾಸ್ತಿ ಓದಿದವರೇನೂ ಅಲ್ಲ. ಅವರಿಗೆ ಯಾರೋ ಮೊದಲು ಸರಿಯಾಗಿ ಹೇಳಿಕೊಟ್ಟಿದ್ದರು.

ಫಲ ಕಂಡಿದೆಯಾ ಅಂತ ಕೇಳುವವರಿಗೆ: ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿಗೆ ಲಸಿಕೆ ಸಿಕ್ಕ ಹುಡುಗಿಯರಲ್ಲಿ ಈ ಕ್ಯಾನ್ಸರ್ ನೂರಕ್ಕೆ 87ರಷ್ಟು ಇಳಿದಿದೆ, 2021ರಲ್ಲಿ ಬಂದ ಲೆಕ್ಕ. ದೊಡ್ಡವರಾದ ಮೇಲೆ, 16-18ಕ್ಕೆ ಹಾಕಿಸಿಕೊಂಡವರಲ್ಲಿ ಇಳಿಕೆ ಅದರ ಅರ್ಧಕ್ಕೂ ಬರಲಿಲ್ಲ. "ಚಿಕ್ಕವಳು, ಆಮೇಲೆ ನೋಡೋಣ" ಅಂದದ್ದಕ್ಕೆ ನನಗೆ ಯಾಕೆ ಅಷ್ಟು ಸಂಕಟ ಆಯ್ತು ಅಂತ ಈಗ ಗೊತ್ತಾಯಿತಲ್ಲ?

ಸ್ಕ್ರೀನಿಂಗ್ ಅಂದರೆ ದೊಡ್ಡ ಯಂತ್ರ, ದೊಡ್ಡ ಡಾಕ್ಟರು ಬೇಕು ಅನ್ನುವುದೂ ಸರಿಯಲ್ಲ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಮಾಡಿದ ದೊಡ್ಡ ಅಧ್ಯಯನದಲ್ಲಿ ಗರ್ಭಕೋಶದ ಬಾಯಿಗೆ ಅಸಿಟಿಕ್ ಆಮ್ಲ ಸವರಿ ಬಿಳಿ ಕಲೆ ಬರುತ್ತದಾ ಅಂತ ನೋಡಿದವರು ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಈ ಕ್ಯಾನ್ಸರ್‌ನಿಂದ ಸಾಯುವವರು ನೂರಕ್ಕೆ 31ರಷ್ಟು ಕಡಿಮೆಯಾದರು. ಆದರೆ ತರಬೇತಿ ಪಡೆದ ಅನ್ನುವ ಮಾತಿಗೆ ಅಡಿಗೆರೆ ಹಾಕಿ. ಸವರಿ ಒಂದು ನಿಮಿಷ ಕಾಯಬೇಕು, ನಾವು ಹತ್ತು ಸೆಕೆಂಡಿಗೆ ಇಣುಕಿ ನಾರ್ಮಲ್ ಅಂತ ಬರೆದುಬಿಡುತ್ತೇವೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ಅವರಿಗೆ ಈ ಪರೀಕ್ಷೆ ಆಗಿಬರುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನರಿಗೆ ಸುಳ್ಳು ಧೈರ್ಯ ಕೊಟ್ಟಿದ್ದೇವೆ. ಈಗ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಇದೆ, 30ರಿಂದ ಶುರು ಮಾಡಿ ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕು. ಎಚ್‌ಐವಿ ಇದ್ದವರಿಗೆ 25ರಿಂದ, ಮೂರರಿಂದ ಐದು ವರ್ಷಕ್ಕೊಮ್ಮೆ. ಇದರಲ್ಲಿ ಹೆಂಗಸು ತಾನೇ ಪರದೆ ಹಿಂದೆ ಹೋಗಿ ಹತ್ತಿ ಸುತ್ತಿದ ಕಡ್ಡಿಯಲ್ಲಿ ಸ್ಯಾಂಪಲ್ ತೆಗೆದುಕೊಂಡು ಬರಬಹುದು. ಟೇಬಲ್ ಇಲ್ಲ, ಒಳಗೆ ನೋಡೋಕೆ ಹಾಕುವ ಸ್ಪೆಕ್ಯುಲಮ್ ಉಪಕರಣ ಇಲ್ಲ. ನನ್ನಂಥ ಸಂಕೋಚದವರಿಗೆ ಇದಕ್ಕಿಂತ ಏನು ಬೇಕು ಹೇಳಿ.

ಅದಕ್ಕೇ ನಾನು ಕೇಳುವುದು, ತರಬೇತಿ ಅಂದರೆ ಒಂದು ದೊಡ್ಡ ಕೋಣೆಯಲ್ಲಿ ಲೈಟ್ ಆರಿಸಿ, ಸ್ಲೈಡ್ ತೋರಿಸಿ, ಬಿಸ್ಕೆಟ್ ಕೊಟ್ಟು, ಹಾಜರಿ ಹಾಕಿಸಿಕೊಂಡು ಕಳಿಸುವುದು ಬೇಡ. ಅಂಥವು ನನ್ನ ಸರ್ವಿಸ್‌ನಲ್ಲಿ ಬೇಕಾದಷ್ಟು ಆಗಿವೆ, ಬಿಸ್ಕೆಟ್ ಮಾತ್ರ ನೆನಪಿದೆ. ಮೊದಲು ಆಸ್ಪತ್ರೆಯ 30 ದಾಟಿದ ಹೆಂಗಸರಿಗೆಲ್ಲ, ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ, ಈ ಕಡ್ಡಿ ಕೊಡಿ. ರಿಪೋರ್ಟಿನಲ್ಲಿ ಹೆಸರು ಬೇಡ, ನಂಬರ್ ಇರಲಿ. ಬೇರೆ ಆಸ್ಪತ್ರೆಗೆ ಹೋಗಿ ಮಾಡಿಸಿಕೊಳ್ಳುತ್ತೇನೆ ಅಂದರೆ ಅರ್ಧ ದಿನ ರಜೆ ಕೊಡಿ. ತಾನು ಮಾಡಿಸಿಕೊಂಡವಳು ಇನ್ನೊಬ್ಬರಿಗೆ ಹೇಳುವ ರೀತಿಯೇ ಬೇರೆ. ನಾನು 48ಕ್ಕೆ ಮುಂಚೆ "ಟೆಸ್ಟ್ ಮಾಡಿಸಿಕೊಳ್ಳಿ" ಅಂದಿದ್ದಕ್ಕೂ ಈಗ ಅನ್ನುವುದಕ್ಕೂ ಕೇಳುವವರ ಮುಖದಲ್ಲೇ ವ್ಯತ್ಯಾಸ ಕಾಣುತ್ತದೆ. ಗಂಡಸು ಸಿಬ್ಬಂದಿಯನ್ನೂ ಕೂರಿಸಿ ಹೇಳಿ. ಲಸಿಕೆಯ ಬಗ್ಗೆ ಮಗಳ ಅಪ್ಪ ಕೇಳುವುದು ಹೆಚ್ಚಾಗಿ ಅವರನ್ನೇ. ಗಂಟಲು, ಗುದದ್ವಾರ, ಶಿಶ್ನದ ಕೆಲವು ಕ್ಯಾನ್ಸರ್‌ಗೂ ಇದೇ ವೈರಸ್ ಕಾರಣ, ಹಲವು ದೇಶಗಳಲ್ಲಿ ಹುಡುಗರಿಗೂ ಲಸಿಕೆ ಕೊಡುತ್ತಾರೆ ಅಂತ ಅವರಿಗೆ ಗೊತ್ತಿರಲಿ.

ರಿಪೋರ್ಟ್ ವಿಷಯದಲ್ಲಿ ಇನ್ನೊಂದು. ಸ್ಯಾಂಪಲ್ ಕೊಟ್ಟು ಹೋದವರಿಗೆ ಫಲಿತಾಂಶ ಮುಟ್ಟಿಸುವುದು ಯಾರ ಕೆಲಸ ಅಂತ ಬರೆದಿಡಿ. ಎಲ್ಲರ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ. ಫೋನ್ ಬರಲಿಲ್ಲ, ಹಾಗಾದರೆ ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ ಜನ.

ನಿಮ್ಮ ಮೇಲೂ ಒಂದು ದೂರಿದೆ ಸಂಪಾದಕರೇ. ಪತ್ರಿಕೆಗಳು ಒಮ್ಮೆ ಗರ್ಭಕೋಶದ ಕ್ಯಾನ್ಸರ್ ಅಂತ ಬರೆಯುತ್ತವೆ, ಒಮ್ಮೆ ಗರ್ಭಕಂಠದ ಕ್ಯಾನ್ಸರ್ ಅಂತ. ಎರಡೂ ಬೇರೆ ಬೇರೆ. ಗರ್ಭಕಂಠ ಅನ್ನುವ ಪದವೇ ಜನಕ್ಕೆ ಅರ್ಥವಾಗುವುದಿಲ್ಲ, ಕಂಠ ಅಂದರೆ ಗಂಟಲು ಅಂದುಕೊಂಡ ಅಜ್ಜಿಯೊಬ್ಬರು ನನ್ನ ಮುಂದೆ ಬಾಯಿ ತೆರೆದಿದ್ದರು. ಗರ್ಭಕೋಶದ ಬಾಯಿ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಹಾಗೇ ಬರೆಯಿರಿ. ಅಕ್ಟೋಬರಿನಲ್ಲಿ ಸ್ತನ ಕ್ಯಾನ್ಸರ್ ಅಂತ ಪುಟ ತುಂಬಾ ಗುಲಾಬಿ ಬಣ್ಣ ಹಾಕುತ್ತೀರಿ, ಒಳ್ಳೆಯದೇ. ಜನವರಿ ಈ ಕ್ಯಾನ್ಸರ್‌ನ ತಿಂಗಳು. ಒಂದು ಅರ್ಧ ಪುಟವಾದರೂ ಕೊಡಿ, "ಕ್ಯಾನ್ಸರ್‌ಗೆ ಲಸಿಕೆ ಬಂತು" ಅಂತ ಔಷಧಿಯ ಹಾಗೆ ತಲೆಬರಹ ಕೊಡದೆ.

ಆ ತಾಯಿಯ ವಿಷಯ ಹೇಳದೆ ಬಿಟ್ಟೆ. ಕೂಸಿನ ಕಾರ್ಡಿನಲ್ಲಿದ್ದ ನಂಬರಿಗೆ ಮರುದಿನ ಫೋನ್ ಮಾಡಿದೆ. ನಿನ್ನೆ ತಪ್ಪು ಹೇಳಿಬಿಟ್ಟೆವು ಅಂದೆ. ಮುಂದಿನ ವಾರ ಮಗಳನ್ನು ಕರೆದುಕೊಂಡು ಬಂದರು. ಚುಚ್ಚುವ ಮೊದಲು ನನ್ನನ್ನೇ ಕೇಳಿದರು, "ನಿಮ್ಮ ಮಗಳಿಗೆ ಹಾಕಿಸಿದ್ದೀರಾ ಸಿಸ್ಟರ್?" ಅಂತ. ನನ್ನ ಮಗಳಿಗೆ 23, ಚಿಕ್ಕವಳಿದ್ದಾಗ ಹಾಕಿಸಲಿಲ್ಲ, ಈಗ ತಡವಾಗಿ ಮೊದಲ ಡೋಸ್ ಆಗಿದೆ ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಈ ಸಲ ಬರೆಯುವುದನ್ನು ಬಿಟ್ಟು ಕೇಳಿಸಿಕೊಂಡರು. ಆಕೆಗೆ 41. ಟೆಸ್ಟ್ ಮಾಡಿಸಿಕೊಳ್ಳಿ ಅಂತ ಆವತ್ತೇ ಹೇಳಿದೆ. "ಮುಂದಿನ ವಾರ" ಅಂದಿದ್ದಾರೆ. ಇದು ಮೂರನೇ ಮುಂದಿನ ವಾರ, ನಾನು ದಿನಾ ಕೇಳುತ್ತಿದ್ದೇನೆ.

ಇಂತಿ,
ಹೆಸರು ಹಾಕುವುದು ಬೇಡ ಎಂದು ಕೋರುವ ಒಬ್ಬ ಸ್ಟಾಫ್ ನರ್ಸ್